ಪ್ರೋಟೀನ್ ಕಮ್ಮಿ ಇದೆ

ಕ್ಯಾನ್ಸರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರ ಬಳಿ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು ಟಿಫಿನ್ ಕ್ಯಾರಿಯರ್, ಇನ್ನೊಂದು ರಿಪೋರ್ಟುಗಳನ್ನು ತುಂಬಿದ ಪ್ಲಾಸ್ಟಿಕ್ ಕವರು. ಆ ಕವರಿನೊಳಗೆ ಎಲ್‌ಎಫ್‌ಟಿ ಎಂಬ ರಕ್ತಪರೀಕ್ಷೆಯ ಹಾಳೆ ಇದ್ದೇ ಇರುತ್ತದೆ. ಅದರಲ್ಲಿ ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲಾಬ್ಯುಲಿನ್, ಎ/ಜಿ ರೇಷಿಯೊ ಎಂದು ನಾಲ್ಕು ಸಾಲುಗಳು. ಅನ್ನನಾಳದ, ಜಠರದ ಅಥವಾ ಕರುಳಿನ ಕ್ಯಾನ್ಸರ್ ಬಲಿತವರ ಹಾಳೆಯಲ್ಲಿ ಆಲ್ಬುಮಿನ್ ಎಂಬಲ್ಲಿ 2.6 ಅಂತಲೋ 2.8 ಅಂತಲೋ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಅಪರೂಪವಲ್ಲ. "ಪ್ರೋಟೀನ್ ಕಮ್ಮಿ ಇದೆ" ಎಂದು ರೌಂಡ್ಸಿಗೆ ಬಂದ ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋಗಿರುತ್ತಾರೆ. ಜೊತೆಗಿರುವ ಮಗಳೋ ಸೊಸೆಯೋ ನರ್ಸಮ್ಮನ ಹಿಂದೆ ಹೋಗಿ ಕೇಳುತ್ತಾಳೆ: "ಸಿಸ್ಟರ್, ಅಪ್ಪಂಗೆ ಏನು ತಿನ್ನಿಸೋಣ?"

ಅಂದಿನಿಂದ ಮನೆಯ ಅಡುಗೆಯೇ ಬದಲಾಗುತ್ತದೆ. ಮೊಟ್ಟೆಯ ಬಿಳಿ ಭಾಗ, ಹೆಸರುಕಾಳಿನ ಕಟ್ಟು, ಮೆಡಿಕಲ್ ಸ್ಟೋರಿನ ದುಬಾರಿ ಪ್ರೋಟೀನ್ ಪುಡಿ. ವಾಕರಿಕೆ ಬರುತ್ತಿದ್ದರೂ ಇನ್ನೊಂದು ತುತ್ತು, ಇನ್ನೊಂದೇ ತುತ್ತು ಎಂದು ರಮಿಸುವುದು. ಹದಿನೈದು ದಿನ ಕಳೆದು ಮತ್ತೆ ರಕ್ತ ಕೊಟ್ಟರೆ ಅಂಕಿ ಇದ್ದಲ್ಲೇ ಇರುತ್ತದೆ, ಇಲ್ಲವೇ ಇನ್ನಷ್ಟು ಕೆಳಗಿಳಿದಿರುತ್ತದೆ. ಉಣಿಸಿದವರಿಗೆ ಆಗ ಆಗುವ ಸಂಕಟ ಹೇಳತೀರದು. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ ಎಂಬ ಅಳುಕು ಅವರನ್ನು ತಿನ್ನುತ್ತದೆ.

ಆ ಅಂಕಿ ಯಾಕೆ ಇಳಿಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಇದಕ್ಕೆ ವೈದ್ಯಶಾಸ್ತ್ರ ಕೊಡುವ ಉತ್ತರ ನಮ್ಮ ಮನೆಗಳಲ್ಲಿ ನಂಬಿಕೊಂಡು ಬಂದ ಉತ್ತರಕ್ಕಿಂತ ಬೇರೆ.

ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ, ಕೊಳವೆಯಲ್ಲಿ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಇದೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು ಶೇಕಡಾ 55, ಇದೇ ಇರುತ್ತದೆ. ಅದರಲ್ಲಿ ಬಹುಪಾಲು ನೀರು. ನೀರನ್ನು ಬಿಟ್ಟರೆ ಮುಖ್ಯ ಸರಕು ಪ್ರೋಟೀನು. ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 6ರಿಂದ 8 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್ ಒಂದೇ. ಆರೋಗ್ಯವಂತರಲ್ಲಿ ಅದು 3.5ರಿಂದ 5 ಗ್ರಾಂ. ಆಲ್ಬುಮಿನ್ ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಅದು ಕಡಿಮೆಯಾದರೆ ನೀರು ಹೊರಗಿನ ಅಂಗಾಂಶಕ್ಕೆ ಇಳಿದು ಪಾದ ಊದಿಕೊಳ್ಳುತ್ತದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಕ್ಯಾಲ್ಸಿಯಂ, ಬಿಲಿರುಬಿನ್, ಕೊಬ್ಬಿನ ಆಮ್ಲಗಳು, ನಾವು ನುಂಗುವ ಎಷ್ಟೋ ಔಷಧಿಗಳು ಆಲ್ಬುಮಿನ್ನಿಗೆ ಅಂಟಿಕೊಂಡೇ ಮೈಯೆಲ್ಲ ಸುತ್ತುತ್ತವೆ.

ಪ್ಲಾಸ್ಮಾದಲ್ಲಿ ಒಂದಲ್ಲ, ಹಲವು ಬಗೆಯ ಪ್ರೋಟೀನುಗಳಿವೆ ಎಂಬುದನ್ನು ಮೊದಲ ಸಲ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರು ಸ್ವೀಡನ್ನಿನ ಅರ್ನೆ ಟಿಸೇಲಿಯಸ್. 1937ರಲ್ಲಿ ಉಪ್ಸಾಲಾದಲ್ಲಿ ಅವರು ರಕ್ತದ ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ವಿದ್ಯುತ್ ಹಾಯಿಸಿದಾಗ ಪ್ರೋಟೀನುಗಳು ತಮ್ಮ ವಿದ್ಯುದಂಶಕ್ಕೆ ತಕ್ಕ ವೇಗದಲ್ಲಿ ಸರಿದು ಗುಂಪುಗಳಾಗಿ ಒಡೆದವು. ಮುಂದೆ ಓಡಿದ್ದು ಆಲ್ಬುಮಿನ್. ಹಿಂದೆ ಸಾಲಾಗಿ ಬಂದವಕ್ಕೆ ಆಲ್ಫಾ, ಬೀಟಾ, ಗಾಮಾ ಗ್ಲಾಬ್ಯುಲಿನ್ ಎಂಬ ಹೆಸರಾಯಿತು. ಈ ಸಾಧನೆಗೆ 1948ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರ್ ರೋಗಿಗಳ ಸೀರಮ್ಮನ್ನು ಹೀಗೆ ಓಡಿಸಿದರೆ ಆಲ್ಬುಮಿನ್ನಿನ ದಿಬ್ಬ ತಗ್ಗಿ, ಆಲ್ಫಾ ಗ್ಲಾಬ್ಯುಲಿನ್ನುಗಳ ದಿಬ್ಬ ಎದ್ದು ಕಾಣುತ್ತದೆ. ಇದೇ ಕ್ಯಾನ್ಸರಿನ ಗುರುತು ಎನ್ನಬಹುದೇ? ಆಗದು. ಕ್ಷಯವಿದ್ದರೂ, ಕೀಲುವಾತವಿದ್ದರೂ, ದೊಡ್ಡ ಸುಟ್ಟಗಾಯವಿದ್ದರೂ ಹೆಚ್ಚುಕಡಿಮೆ ಅದೇ ಚಿತ್ರ ಮೂಡುತ್ತದೆ. ಅಂದಮೇಲೆ ಆ ಚಿತ್ರವನ್ನು ಬರೆಯುತ್ತಿರುವುದು ಗಡ್ಡೆಯಲ್ಲ. ಬೇರೆ ಬೇರೆ ಪೆಟ್ಟಿಗೆ ಒಂದೇ ರೀತಿ ಪ್ರತಿಕ್ರಿಯಿಸುವ ಯಾವುದೋ ಅಂಗ. ಅದು ಯಕೃತ್ತು, ಜನ ಲಿವರ್ ಎನ್ನುವುದು.

ಪ್ಲಾಸ್ಮಾದ ಪ್ರೋಟೀನುಗಳಲ್ಲಿ ಪ್ರತಿಕಾಯಗಳನ್ನು ಬಿಟ್ಟರೆ ಬಹುತೇಕ ಎಲ್ಲವೂ ತಯಾರಾಗುವುದು ಯಕೃತ್ತಿನಲ್ಲೇ. ಜಠರದಲ್ಲೋ ಕರುಳಿನಲ್ಲೋ ಗಡ್ಡೆ ಬೆಳೆದಾಗ ಅದರ ಸುತ್ತ ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ. ಗಡ್ಡೆಯೊಳಗೆ ಬಿಳಿ ಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1863ರಲ್ಲೇ ಗಮನಿಸಿದ್ದರು. ಈ ಕಣಗಳೂ ಗಡ್ಡೆಯ ಜೀವಕೋಶಗಳೂ ಸೂಸುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ಅಣು ರಕ್ತದಲ್ಲಿ ಹರಿದು ಯಕೃತ್ತನ್ನು ತಲುಪುತ್ತದೆ. ಮೈಗೆ ಪೆಟ್ಟಾಗಿದೆ, ಸೋಂಕು ತಗುಲಿದೆ ಎಂಬುದು ಆ ಸಂದೇಶದ ಅರ್ಥ. ಯಕೃತ್ತಿಗೆ ಗಡ್ಡೆಯೂ ಗೊತ್ತಿಲ್ಲ, ನ್ಯುಮೋನಿಯಾವೂ ಗೊತ್ತಿಲ್ಲ. ಸಂದೇಶ ಬಂದರೆ ಅದು ತುರ್ತು ಪ್ರೋಟೀನುಗಳ ತಯಾರಿಗೆ ಇಳಿಯುತ್ತದೆ.

ಈ ತುರ್ತು ಪ್ರೋಟೀನುಗಳಲ್ಲಿ ಹೆಸರುವಾಸಿಯಾದದ್ದು ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಮ್ಮಿನಲ್ಲಿ ಇದನ್ನು ಕಂಡರು. ರೋಗಾಣುವಿನ 'ಸಿ' ಎಂಬ ಅಂಶದೊಂದಿಗೆ ಸೇರಿ ಇದು ಗಸಿಯಾಗಿ ಇಳಿಯುತ್ತಿತ್ತು; ರೋಗಿ ಚೇತರಿಸಿಕೊಂಡ ಮೇಲೆ ಸೀರಮ್ಮಿನಿಂದ ಮಾಯವಾಗುತ್ತಿತ್ತು. ಸಂದೇಶ ಬಂದ ಕೆಲವೇ ಗಂಟೆಗಳಲ್ಲಿ ಏರತೊಡಗಿ, ತೀವ್ರ ಸೋಂಕಿದ್ದರೆ ಎರಡು ದಿನದಲ್ಲಿ ಸಾವಿರ ಪಟ್ಟಿನವರೆಗೂ ಹೋಗಬಲ್ಲದು. ಇದರ ಜೊತೆಗೆ ಹೆಪ್ಪುಗಟ್ಟಿಸುವ ಫೈಬ್ರಿನೋಜನ್, ಹ್ಯಾಪ್ಟೋಗ್ಲೋಬಿನ್ ಮೊದಲಾದವೂ ಏರುತ್ತವೆ. ಆಲ್ಬುಮಿನ್, ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್, ಪ್ರಿಆಲ್ಬುಮಿನ್ ಇಳಿಯುತ್ತವೆ. ಸೋಂಕಾದರೆ ಒಂದೆರಡು ವಾರದಲ್ಲಿ ಎಲ್ಲ ತಣ್ಣಗಾಗುತ್ತದೆ. ಗಡ್ಡೆ ಹಾಗೆ ಬಿಟ್ಟು ಹೋಗುವುದಿಲ್ಲ. ತಿಂಗಳುಗಟ್ಟಲೆ ಸಂದೇಶ ಬರುತ್ತಲೇ ಇರುತ್ತದೆ.

ಇಷ್ಟು ಓದಿದವರಿಗೆ, ತುರ್ತು ಕೆಲಸ ಬಂದ ಕಾರಣ ಯಕೃತ್ತು ಆಲ್ಬುಮಿನ್ ತಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ ಎಂದು ತೋರಬಹುದು. ಬಹುಕಾಲ ವೈದ್ಯರೂ ಹಾಗೇ ತಿಳಿದಿದ್ದರು. ಎಡಿನ್‌ಬರೋದ ಶಸ್ತ್ರವೈದ್ಯ ಕೆನೆತ್ ಫಿಯರನ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ, ಕ್ಯಾನ್ಸರಿನಿಂದ ಸೊರಗಿದವರಿಗೆ ಗುರುತು ಹಾಕಿದ ಅಮೈನೋ ಆಮ್ಲವನ್ನು ಕೊಟ್ಟು, ಅದು ಹೊಸ ಆಲ್ಬುಮಿನ್ನಿನಲ್ಲಿ ಎಷ್ಟು ಬೇಗ ಸೇರಿಕೊಳ್ಳುತ್ತದೆಂದು ಲೆಕ್ಕಹಾಕಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದಾಗಿತ್ತು. ರಕ್ತದಲ್ಲಿ ಆಲ್ಬುಮಿನ್ ಇಳಿದಿದ್ದ ಈ ರೋಗಿಗಳಲ್ಲೂ ಅದರ ತಯಾರಿಕೆ ಆರೋಗ್ಯವಂತರಷ್ಟೇ ನಡೆಯುತ್ತಿತ್ತು.

ಹಾಗಾದರೆ ತಯಾರಾದದ್ದು ಎಲ್ಲಿಗೆ ಹೋಗುತ್ತಿದೆ? ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ವಯಸ್ಕನ ಮೂರು ಲೀಟರ್ ಪ್ಲಾಸ್ಮಾದಲ್ಲಿ ಸುಮಾರು 120 ಗ್ರಾಂ ಆಲ್ಬುಮಿನ್ ಇರುತ್ತದೆ. ಆರೋಗ್ಯವಂತರಲ್ಲೂ ಗಂಟೆಗೆ ಅದರ ಶೇಕಡಾ 5ರಷ್ಟು, ಅಂದರೆ 6 ಗ್ರಾಂ, ಲೋಮನಾಳಗಳ ಗೋಡೆಯಿಂದ ಜಿನುಗಿ ಅಂಗಾಂಶಗಳಿಗೆ ಇಳಿಯುತ್ತದೆ. ದಿನಕ್ಕೆ 144 ಗ್ರಾಂ ಆಯಿತು. ಇಳಿದದ್ದು ದುಗ್ಧನಾಳಗಳ ಮೂಲಕ ಮತ್ತೆ ರಕ್ತಕ್ಕೆ ಮರಳುತ್ತದೆ. ಯಕೃತ್ತು ದಿನಕ್ಕೆ ಹೊಸದಾಗಿ ಮಾಡುವುದು 10ರಿಂದ 15 ಗ್ರಾಂ ಮಾತ್ರ. ಕಾಲುವೆಯಲ್ಲಿ ಹರಿದು ಹೋಗಿಬರುವ ನೀರು ಇಷ್ಟಿರುವಾಗ ಊಟೆಯಿಂದ ಬರುವುದು ಅದರ ಹತ್ತನೇ ಒಂದು ಪಾಲು. ಉರಿಯೂತವಿದ್ದಾಗ, ಅಂದರೆ ಮೈಯಲ್ಲಿ ಇಂಥ ತುರ್ತು ಸಂದೇಶ ಹರಿಯುತ್ತಿರುವಾಗ, ಲೋಮನಾಳಗಳ ಗೋಡೆ ಸಡಿಲವಾಗುತ್ತದೆ. ಜಿನುಗು ಹೆಚ್ಚುತ್ತದೆ. ಅಷ್ಟಾದರೆ ಸಾಕು, ಯಕೃತ್ತು ಎಷ್ಟು ದುಡಿದರೂ ರಕ್ತದಲ್ಲಿನ ಮಟ್ಟ ಇಳಿಯುತ್ತದೆ. ಆಲ್ಬುಮಿನ್ ಮೈಬಿಟ್ಟು ಹೋಗಿಲ್ಲ. ರಕ್ತನಾಳ ಬಿಟ್ಟು ಪಕ್ಕಕ್ಕೆ ಇಳಿದಿದೆ.

ಹಸಿವಿನಿಂದಲೇ ಆಲ್ಬುಮಿನ್ ಇಳಿಯುವುದಾದರೆ, ಊಟವನ್ನೇ ತ್ಯಜಿಸಿ ಎಲುಬಿನ ಹಂದರವಾಗುವ ಅನೊರೆಕ್ಸಿಯಾ ಎಂಬ ಮಾನಸಿಕ ಕಾಯಿಲೆಯವರಲ್ಲಿ ಅದು ನೆಲ ಕಚ್ಚಬೇಕಿತ್ತು. ಹಾಗಾಗುವುದಿಲ್ಲ. ದೇಹ ಕೊನೆಯ ಹಂತಕ್ಕೆ ಸೊರಗುವವರೆಗೂ ಅವರ ಆಲ್ಬುಮಿನ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅವರ ಮೈಯಲ್ಲಿ ಉರಿಯೂತವಿಲ್ಲ.

ಉರಿಯೂತದ ಈ ಪಾತ್ರವನ್ನು ಗ್ಲಾಸ್ಗೋದ ಸಂಶೋಧಕರು ಬೇರೊಂದು ದಾರಿಯಿಂದ ಕಂಡುಕೊಂಡರು. ಡೊನಾಲ್ಡ್ ಮೆಕ್‌ಮಿಲನ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿ ಎಷ್ಟು ಕಾಲ ಬದುಕಿಯಾರು ಎಂದು ಅಂದಾಜಿಸಲು 2003ರಲ್ಲಿ ಎರಡೇ ಅಂಕಿಗಳ ಸರಳ ಮಾಪನ ರೂಪಿಸಿದರು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಒಂದು ಅಂಕ, ಆಲ್ಬುಮಿನ್ ಲೀಟರಿಗೆ 35 ಗ್ರಾಂಗಿಂತ ಕಡಿಮೆ ಇದ್ದರೆ ಒಂದು ಅಂಕ. ಎರಡೂ ಇದ್ದವರ ಸ್ಥಿತಿ ಎಲ್ಲರಿಗಿಂತ ಕಷ್ಟ. ಆಮೇಲೆ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದಾಗ ಸಿಆರ್‌ಪಿ ಏರದೆ ಆಲ್ಬುಮಿನ್ ಮಾತ್ರ ಇಳಿದಿದ್ದವರು ತೀರಾ ವಿರಳವಾಗಿದ್ದರು. ಅಂಥವರ ಆಯಸ್ಸೂ ಅದರಿಂದ ಕುಗ್ಗಿದಂತೆ ಕಾಣಲಿಲ್ಲ. ಹಾಗಾಗಿ 2007ರಲ್ಲಿ ಮಾಪನವನ್ನೇ ತಿದ್ದಿದರು. ಸಿಆರ್‌ಪಿ ಏರಿರದಿದ್ದರೆ ಆಲ್ಬುಮಿನ್ ಇಳಿದಿದ್ದರೂ ಈಗ ಸೊನ್ನೆ ಅಂಕ. ಈ ಸಣ್ಣ ತಿದ್ದುಪಡಿ ನನಗೆ ಇಡೀ ಕಥೆಯಲ್ಲೇ ಮುಖ್ಯವಾಗಿ ಕಾಣುತ್ತದೆ. ಆಲ್ಬುಮಿನ್ನಿನ ಅಂಕಿಯೊಂದನ್ನೇ ನೋಡಿದರೆ ಅರ್ಧ ಮಾತು ಕೇಳಿಸಿಕೊಂಡಂತೆ. ಸಿಆರ್‌ಪಿಯನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಅದು ಇಳಿದ ಕಾರಣ ತಿಳಿಯುವುದು.

ಸ್ನಾಯು ಕರಗುವುದೂ ಇದೇ ಕಥೆಯ ಭಾಗ. ಯಕೃತ್ತಿಗೆ ತುರ್ತು ಪ್ರೋಟೀನುಗಳನ್ನು ಮಾಡಲು ಅಮೈನೋ ಆಮ್ಲಗಳು ಬೇಕು. ಅದರಲ್ಲೂ ಫೀನೈಲ್‌ಅಲನೀನ್, ಟ್ರಿಪ್ಟೋಫಾನ್, ಟೈರೋಸಿನ್ ಹೆಚ್ಚು ಬೇಕು. ಸ್ನಾಯುವಿನಲ್ಲಿ ಇವು ಕಡಿಮೆ. ಒಂದು ಗ್ರಾಂ ಫೈಬ್ರಿನೋಜನ್ ಮಾಡಲು ಎರಡು ಗ್ರಾಂಗಿಂತ ಹೆಚ್ಚು ಸ್ನಾಯು ಪ್ರೋಟೀನನ್ನು ಒಡೆಯಬೇಕಾಗುತ್ತದೆ. ಒಡೆದು ಉಳಿದದ್ದು ವ್ಯರ್ಥ. ತೊಡೆ ಬಡಕಲಾಗುವುದು, ಕೆನ್ನೆ ಒಳಗೆ ಹೋಗುವುದು, ಕುರ್ಚಿಯಿಂದ ಏಳಲು ಕೈ ಊರಬೇಕಾಗುವುದು, ಇವೆಲ್ಲ ಬರೀ ಊಟ ಸೇರದ್ದರಿಂದ ಆದದ್ದಲ್ಲ. ಆರು ತಿಂಗಳಲ್ಲಿ ಮೈತೂಕ ಶೇಕಡಾ 5ಕ್ಕಿಂತ ಹೆಚ್ಚು ತಾನಾಗಿ ಇಳಿದರೆ ಅದನ್ನು ಕ್ಯಾಕೆಕ್ಸಿಯಾ ಎನ್ನಬೇಕೆಂದು 2011ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಆ ಒಮ್ಮತದ ಮುಂಚೂಣಿಯಲ್ಲಿದ್ದವರೂ ಇದೇ ಫಿಯರನ್.

ಜೀರ್ಣಾಂಗಗಳ ಕ್ಯಾನ್ಸರಿನಲ್ಲಿ ಇದರ ಮೇಲೆ ಇನ್ನೂ ಕೆಲವು ಹೊರೆಗಳು ಬೀಳುತ್ತವೆ. ಹುಣ್ಣಾದ ಗಡ್ಡೆಯ ಮೈಯಿಂದ ಪ್ರೋಟೀನು ನೇರವಾಗಿ ಜಠರದೊಳಕ್ಕೋ ಕರುಳಿನೊಳಕ್ಕೋ ಸೋರಬಹುದು. ಯಕೃತ್ತಿಗೆ ಗಡ್ಡೆಗಳು ಹರಡಿ ಅದರ ಬಹುಭಾಗವನ್ನು ಆವರಿಸಿದ್ದರೆ ತಯಾರಿಕೆಯೇ ಕುಂದುತ್ತದೆ. ಅನ್ನನಾಳದ ಕ್ಯಾನ್ಸರಿನಲ್ಲಿ ಮೊದಲು ಮುದ್ದೆ, ಚಪಾತಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮೆತ್ತಗಿನ ಅನ್ನ, ಕೊನೆಗೆ ಗಂಜಿಯೂ ಇಳಿಯುವುದಿಲ್ಲ. ಅಲ್ಲಿ ಹಸಿವು ನಿಜವಾದ ಹಸಿವೇ. ಟ್ಯೂಬಿನ ಮೂಲಕವಾದರೂ ಆಹಾರ ಕೊಡಲೇಬೇಕು.

ಇಲ್ಲಿ ತಪ್ಪು ತಿಳಿಯಬಾರದು. ಆಲ್ಬುಮಿನ್ ಊಟದಿಂದ ಏರುವುದಿಲ್ಲ ಎಂದರೆ ಊಟ ಬೇಡವೆಂದಲ್ಲ. ಕ್ಯಾನ್ಸರ್ ರೋಗಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೂ ಪ್ರೋಟೀನು ಬೇಕೆಂದು ಯುರೋಪಿನ ಪೋಷಣಾ ತಜ್ಞರು ಹೇಳುತ್ತಾರೆ. ಅರವತ್ತು ಕಿಲೋ ತೂಗುವವರಿಗೆ 60ರಿಂದ 90 ಗ್ರಾಂ. ಇದು ಉಳಿದ ಸ್ನಾಯುವನ್ನು ಕಾಪಾಡಲು, ಕಿಮೋ ತಡೆದುಕೊಳ್ಳಲು, ಆಪರೇಷನ್ನಿನ ಗಾಯ ಮಾಯಲು. ಫಲವನ್ನು ನೋಡಬೇಕಾದದ್ದು ತೂಕದ ಯಂತ್ರದಲ್ಲಿ, ಕೈಯ ಹಿಡಿತದಲ್ಲಿ, ಎದ್ದು ನಾಲ್ಕು ಹೆಜ್ಜೆ ನಡೆಯುವುದರಲ್ಲಿ. ಆಲ್ಬುಮಿನ್ ಬಾಟಲಿಯ ಮಾತೂ ಹೀಗೆಯೇ. ಶೇಕಡಾ 20ರ ಒಂದು 100 ಮಿಲಿ ಬಾಟಲಿಯಲ್ಲಿ ಇರುವುದು 20 ಗ್ರಾಂ. ಗೋಡೆ ಜಿನುಗುತ್ತಿರುವಾಗ ಅದೂ ಜಿನುಗಿ ಹೋಗುತ್ತದೆ. ಯಕೃತ್ತು ಗಡುಸಾಗುವ ಸಿರೋಸಿಸ್‌ನಲ್ಲಿ ಹೊಟ್ಟೆಯಿಂದ ಹೆಚ್ಚು ನೀರು ತೆಗೆಯುವಾಗ ಕೊಡುವುದು ಮುಂತಾದ ಖಚಿತ ಉಪಯೋಗಗಳು ಅದಕ್ಕಿವೆ. ಹಾಳೆಯ ಅಂಕಿಯನ್ನು ಸರಿಮಾಡಲೆಂದೇ ಏರಿಸಿದ ಬಾಟಲಿಯಿಂದ ರೋಗಿಗೆ ಆಗುವ ಲಾಭ ಕಡಿಮೆ, ಮನೆಯವರ ಖರ್ಚು ಹೆಚ್ಚು.

ಏರುವ ಪ್ರೋಟೀನುಗಳೂ ತೊಂದರೆ ಕೊಡುತ್ತವೆ. ಪ್ಯಾರಿಸ್ಸಿನ ಓತೆಲ್ ದ್ಯು ಆಸ್ಪತ್ರೆಯ ದೊಡ್ಡ ವೈದ್ಯ ಆರ್ಮಾಂಡ್ ಟ್ರುಸೋ 1865ರ ತಮ್ಮ ಉಪನ್ಯಾಸಗಳಲ್ಲಿ, ಕಾಲಿನ ಅಥವಾ ಕೈಯ ರಕ್ತನಾಳದಲ್ಲಿ ಕಾರಣವಿಲ್ಲದೆ ಮತ್ತೆ ಮತ್ತೆ ಹೆಪ್ಪು ಕಟ್ಟಿದರೆ ಹೊಟ್ಟೆಯೊಳಗೆ ಎಲ್ಲೋ ಕ್ಯಾನ್ಸರ್ ಅಡಗಿರಬಹುದೆಂದು ಶಿಷ್ಯರಿಗೆ ಹೇಳುತ್ತಿದ್ದರು. 1867ರ ಹೊಸ ವರ್ಷದ ದಿನ ಅವರದೇ ರಕ್ತನಾಳ ಊದಿಕೊಂಡಿತು. ತಮಗೆ ಬಂದಿರುವ ಕಾಯಿಲೆ ಯಾವುದೆಂದು ಇನ್ನು ಅನುಮಾನವಿಲ್ಲ ಎಂದು ಅವರು ತಮ್ಮ ಶಿಷ್ಯನಿಗೆ ತಿಳಿಸಿದರು. ಅದೇ ವರ್ಷ ಜೂನಿನಲ್ಲಿ ಹೊಟ್ಟೆಯೊಳಗಿನ ಕ್ಯಾನ್ಸರಿನಿಂದಲೇ ತೀರಿಕೊಂಡರು. ತಾನು ಕಲಿಸಿದ ಪಾಠವನ್ನು ತನ್ನ ಮೈಯಲ್ಲೇ ಓದಿದ ಆ ಮನುಷ್ಯನನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಯಕೃತ್ತು ಹೆಚ್ಚು ಫೈಬ್ರಿನೋಜನ್ ಸುರಿಯುತ್ತಿರುತ್ತದೆ. ಗಡ್ಡೆಯ ಜೀವಕೋಶಗಳು ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವ ಅಂಶಗಳನ್ನು ತಮ್ಮ ಮೈಮೇಲೆ ಹೊತ್ತಿರುತ್ತವೆ. ಎರಡೂ ಸೇರಿದರೆ ಅಪಾಯ. ಕಿಮೋ ಪಡೆಯುವವರಲ್ಲಿ ಯಾರಿಗೆ ಹೆಪ್ಪು ಕಟ್ಟೀತೆಂದು ಅಂದಾಜಿಸಲು ಅಮೆರಿಕದ ಕ್ಯಾನ್ಸರ್ ತಜ್ಞ ಅಲೋಕ್ ಖೊರಾನಾ 2008ರಲ್ಲಿ ರೂಪಿಸಿದ ಮಾಪನದಲ್ಲಿ ಅತಿ ಹೆಚ್ಚು ಅಂಕ ಇರುವುದು ಎರಡೇ ಅಂಗಗಳ ಕ್ಯಾನ್ಸರಿಗೆ: ಜಠರ ಮತ್ತು ಪ್ಯಾಂಕ್ರಿಯಾಸ್. ಇಂಥ ರೋಗಿಯ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ಪ್ರೋಟೀನ್ ಕಮ್ಮಿಯ ಊತ ಎಂದು ಬಿಡಬಾರದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಈವರೆಗೆ ಹೇಳಿದ್ದೆಲ್ಲ ದೇಹವೇ ಆಡುವ ಮಾತು. ಗಡ್ಡೆ ತಾನೇ ರಕ್ತಕ್ಕೆ ಬಿಡುವ ಪ್ರೋಟೀನುಗಳೂ ಇವೆ. ಅವುಗಳ ಪ್ರಮಾಣ ಎಷ್ಟು ಅತ್ಯಲ್ಪವೆಂದರೆ, ಅತಿ ಪರಿಚಿತವಾದ ಸಿಇಎ ಎಂಬುದನ್ನು ತೆಗೆದುಕೊಂಡರೆ ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ ಮೀರಿದರೆ ಅನುಮಾನಿಸಬೇಕು. ಅದೇ ಮಿಲಿಲೀಟರಿನಲ್ಲಿ ಆಲ್ಬುಮಿನ್ 40 ಮಿಲಿಗ್ರಾಂ ಇರುತ್ತದೆ. ಅಂದರೆ 80 ಕ್ವಿಂಟಾಲ್ ರಾಗಿಯ ರಾಶಿಯಲ್ಲಿ ಒಂದು ಗ್ರಾಂ ಸಾಸಿವೆ ಹುಡುಕಿದ ಹಾಗೆ. ಇಂಟರ್‌ಲ್ಯೂಕಿನ್-6 ಇನ್ನೂ ಸಾವಿರ ಪಟ್ಟು ವಿರಳ. ಅದಕ್ಕೆ ಹತ್ತು ಟನ್ನಿನ 800 ಲಾರಿ ರಾಗಿ ಬೇಕು.

ಸಿಇಎಯನ್ನು ಕಂಡುಹಿಡಿದವರು ಕೆನಡಾದ ಮಾಂಟ್ರಿಯಲ್ಲಿನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್. ಕ್ಯಾನ್ಸರ್ ಜೀವಕೋಶದಲ್ಲಿದ್ದು ಸಹಜ ಜೀವಕೋಶದಲ್ಲಿಲ್ಲದ ಪ್ರೋಟೀನು ಯಾವುದಾದರೂ ಇದೆಯೇ ಎಂಬುದು ಅವರ ಪ್ರಶ್ನೆ. ಹೋಲಿಸಲು ಬೇರೊಬ್ಬರ ಅಂಗಾಂಶ ತಂದರೆ ಮನುಷ್ಯರ ನಡುವಿನ ವ್ಯತ್ಯಾಸವೇ ಅಡ್ಡ ಬರುತ್ತದೆ. ದೊಡ್ಡ ಕರುಳು ಈ ಗಂಟನ್ನು ಬಿಡಿಸಿತು. ಆಪರೇಷನ್ನಿನಲ್ಲಿ ತೆಗೆದ ಕರುಳಿನ ತುಂಡಿನಲ್ಲಿ ಗಡ್ಡೆಯೂ ಇರುತ್ತದೆ, ಸ್ವಲ್ಪ ದೂರದಲ್ಲಿ ಅದೇ ಮನುಷ್ಯನ ಸಹಜ ಕರುಳೂ ಇರುತ್ತದೆ. ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿ ಪ್ರತಿಕಾಯಗಳನ್ನು ಪಡೆದರು. ಅದಕ್ಕೆ ಸಹಜ ಕರುಳಿನ ಸಾರವನ್ನು ಬೆರೆಸಿದಾಗ ಎರಡಕ್ಕೂ ಅಂಟುವ ಪ್ರತಿಕಾಯಗಳೆಲ್ಲ ಹೀರಿಹೋದವು. ಉಳಿದವು ಗಡ್ಡೆಯ ಒಂದು ಪ್ರೋಟೀನಿಗೆ ಮಾತ್ರ ಅಂಟಿದವು. ಅದೇ ಪ್ರೋಟೀನು ಗರ್ಭದ ಮೊದಲ ಆರು ತಿಂಗಳ ಭ್ರೂಣದ ಕರುಳಿನಲ್ಲೂ ಸಿಕ್ಕಿತು. ಆದ್ದರಿಂದಲೇ 1965ರಲ್ಲಿ ಅವರು ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್ ಎಂದು ಹೆಸರಿಟ್ಟರು. ಆಸ್ಪತ್ರೆಯಲ್ಲಿ ಎಲ್ಲರೂ ಸಿಇಎ ಎನ್ನುವುದು ಇದನ್ನೇ.

1969ರಲ್ಲಿ ಇದೇ ಗುಂಪು ರಕ್ತದಲ್ಲಿ ಸಿಇಎ ಅಳೆಯುವ ವಿಧಾನ ತಂದಿತು. ದೊಡ್ಡ ಕರುಳಿನ ಕ್ಯಾನ್ಸರಿನ 36 ಜನರಲ್ಲಿ 35 ಜನರ ರಕ್ತದಲ್ಲಿ ಅದು ಕಂಡಿತು. ಒಂದು ತೊಟ್ಟು ರಕ್ತದಿಂದ ಕ್ಯಾನ್ಸರ್ ಪತ್ತೆಯಾಗುವ ಕಾಲ ಬಂತೆಂದು ಜಗತ್ತು ಸಂಭ್ರಮಿಸಿತು. ಆ ಸಂಭ್ರಮ ಉಳಿಯಲಿಲ್ಲ. ಬೇರೆಡೆ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಬೀಡಿ ಸಿಗರೇಟು ಸೇದುವವರಲ್ಲೂ, ಯಕೃತ್ತಿನ ಕಾಯಿಲೆಯವರಲ್ಲೂ, ಕರುಳಿನ ಉರಿಯೂತದವರಲ್ಲೂ ಸಿಇಎ ಏರಿತ್ತು. ಗಡ್ಡೆ ಚಿಕ್ಕದಿದ್ದ ಎಷ್ಟೋ ಜನರಲ್ಲಿ ಏರಿಯೇ ಇರಲಿಲ್ಲ.

ಇದಕ್ಕೆ ಕಾರಣ ಪ್ರೋಟೀನು ಇರುವ ಜಾಗದಲ್ಲಿದೆ. ಸಿಇಎ ಸಹಜ ಕರುಳಿನಲ್ಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆಂದು ಆಮೇಲೆ ಗೊತ್ತಾಯಿತು. ಅಲ್ಲಿ ಅದು ಜೀವಕೋಶದ ಒಳಮುಖದ ಮೇಲೆ, ಅಂದರೆ ಆಹಾರ ಸಾಗುವ ಕಡೆಗೆ ನಿಂತಿರುತ್ತದೆ. ಉದುರಿದರೆ ಮಲದೊಂದಿಗೆ ಹೊರಹೋಗುತ್ತದೆ. ಕ್ಯಾನ್ಸರಿನಲ್ಲಿ ಜೀವಕೋಶಗಳಿಗೆ ಒಳಗು ಯಾವುದು, ಹೊರಗು ಯಾವುದು ಎಂಬ ದಿಕ್ಕೇ ತಪ್ಪುತ್ತದೆ. ಸಿಇಎ ಎಲ್ಲ ಮಗ್ಗುಲಿಗೂ ಉದುರಿ ರಕ್ತ ಸೇರುತ್ತದೆ. ಗಡ್ಡೆ ಗೋಡೆಯನ್ನು ಭೇದಿಸಿ ಹೋದಷ್ಟೂ ಹೆಚ್ಚು ಸೇರುತ್ತದೆ. ಹಾಗೆ ಸೇರಿದ್ದನ್ನು ರಕ್ತದಿಂದ ತೆಗೆಯುವ ಕೆಲಸ ಮತ್ತೆ ಯಕೃತ್ತಿನದೇ. ಅದಕ್ಕೆ ಕಾಯಿಲೆಯಾದರೆ ತೆಗೆಯುವುದು ನಿಧಾನವಾಗಿ ಅಂಕಿ ಏರುತ್ತದೆ.

ಪತ್ತೆಗೆ ಒದಗದ ಸಿಇಎ ಕಾವಲಿಗೆ ಒದಗಿತು. ಆಪರೇಷನ್ನಿಗೆ ಮುಂಚೆ ಏರಿದ್ದ ಅಂಕಿ ಗಡ್ಡೆ ಪೂರ್ತಿ ತೆಗೆದರೆ ನಾಲ್ಕರಿಂದ ಆರು ವಾರದಲ್ಲಿ ಸಹಜಕ್ಕೆ ಬರಬೇಕು. ಬಾರದಿದ್ದರೆ ಎಲ್ಲೋ ಏನೋ ಉಳಿದಿರಬಹುದು. ಸಹಜಕ್ಕೆ ಬಂದು ಕೆಲವು ತಿಂಗಳ ನಂತರ ಮೆಲ್ಲಗೆ ಏರತೊಡಗಿದರೆ ಮರಳಿ ಬರುತ್ತಿರಬಹುದು. ಹೀಗೆ ಕಾಯುವುದರಿಂದ ಜೀವ ಉಳಿಯುತ್ತದೆಯೇ? ಬ್ರಿಟನ್ನಿನಲ್ಲಿ 1,202 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಕ್ಷಣ ಕಂಡಾಗ ಮಾತ್ರ ನೋಡಿದವರಲ್ಲಿ ಶೇಕಡಾ 2.3 ಜನರಿಗೆ ಮರುಕಳಿಸಿದ ಗಡ್ಡೆಯನ್ನು ಗುಣಪಡಿಸುವ ಉದ್ದೇಶದಿಂದ ಆಪರೇಷನ್ ಮಾಡಲು ಸಾಧ್ಯವಾಯಿತು. ಸಿಇಎ ನೋಡುತ್ತ ಬಂದವರಲ್ಲಿ ಇದು ಶೇಕಡಾ 6.7 ಆಯಿತು. ಆದರೆ ಸಾವಿನ ಸಂಖ್ಯೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಾಗಲಿಲ್ಲ. ಈ ಎರಡನ್ನೂ ರೋಗಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಪ್ಯಾಂಕ್ರಿಯಾಸಿನ ಕ್ಯಾನ್ಸರಿಗೆ ನೋಡುವ ಸಿಎ 19-9 ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್‌ಸ್ಕಿಯವರ ಗುಂಪು 1979ರಲ್ಲಿ ಗುರುತಿಸಿದ್ದು. ಪ್ರೋಟೀನುಗಳ ಮೈಗೆ ಅಂಟಿದ ಒಂದು ಸಕ್ಕರೆಯ ಸರಪಳಿ ಇದು. ಲೂಯಿಸ್ ಎಂಬ ರಕ್ತದ ಗುಂಪಿಗೆ ಸಂಬಂಧಿಸಿದ್ದು. ನೂರಕ್ಕೆ ಐದರಿಂದ ಹತ್ತು ಜನರ ಮೈಯಲ್ಲಿ ಈ ಸರಪಳಿ ಹುಟ್ಟಿನಿಂದಲೇ ತಯಾರಾಗುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಎಷ್ಟೇ ಬಲಿತರೂ ಅಂಕಿ ಏರದು. ಇನ್ನೊಂದು ಕಡೆ, ಪಿತ್ತನಾಳದಲ್ಲಿ ಬರೀ ಕಲ್ಲು ಸಿಕ್ಕಿ ಕಾಮಾಲೆಯಾದವರಲ್ಲೂ ಅದು ಮೇಲೇರಿ ಗಾಬರಿ ಹುಟ್ಟಿಸುತ್ತದೆ.

ಜಠರಕ್ಕೆ ಸಂಬಂಧಿಸಿದ ಒಂದು ಪರೀಕ್ಷೆ ಮಾತ್ರ ಇವೆಲ್ಲಕ್ಕಿಂತ ಭಿನ್ನ. ಜಪಾನಿನಲ್ಲಿ ಬಳಕೆಗೆ ಬಂದ ಪೆಪ್ಸಿನೋಜನ್ ಪರೀಕ್ಷೆಯಲ್ಲಿ ಏರಿದ್ದನ್ನಲ್ಲ, ಇಳಿದದ್ದನ್ನು ಹುಡುಕುತ್ತಾರೆ. ಜಠರದ ಒಳಪದರದ ಜೀವಕೋಶಗಳು ಪೆಪ್ಸಿನೋಜನ್ ಮಾಡುತ್ತವೆ, ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಕಾಡಿ ಆ ಪದರ ಸವೆದರೆ ಒಂದನೇ ಬಗೆಯ ಪೆಪ್ಸಿನೋಜನ್ ಇಳಿಯುತ್ತದೆ. ಸವೆದ ಜಠರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಇದು ಕ್ಯಾನ್ಸರನ್ನು ಹೇಳುವುದಿಲ್ಲ. ಯಾರಿಗೆ ಎಂಡೋಸ್ಕೋಪಿ ಮಾಡಬೇಕೆಂದು ಆರಿಸಲು ನೆರವಾಗುತ್ತದೆ.

ಒಂದೊಂದು ಪ್ರೋಟೀನೂ ಹೀಗೆ ಸೋತಾಗ ಹಲವನ್ನು ಸೇರಿಸಿ ನೋಡೋಣವೆಂಬ ಯೋಚನೆ ಬಂತು. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಸಿಇಎ, ಸಿಎ 19-9 ಸೇರಿದ ಎಂಟು ಪ್ರೋಟೀನುಗಳನ್ನೂ 16 ಜೀನುಗಳ ತುಣುಕುಗಳನ್ನೂ ಒಟ್ಟಿಗೆ ನೋಡುವ ಪರೀಕ್ಷೆ ಪ್ರಕಟಿಸಿದರು. ಎಂಟು ಬಗೆಯ ಕ್ಯಾನ್ಸರಿನ 1,005 ರೋಗಿಗಳು. ಎಂಟರಲ್ಲಿ ಐದು ಜೀರ್ಣಾಂಗಗಳದ್ದು: ಅನ್ನನಾಳ, ಜಠರ, ಯಕೃತ್ತು, ಪ್ಯಾಂಕ್ರಿಯಾಸ್, ದೊಡ್ಡ ಕರುಳು. ಆರೋಗ್ಯವಂತರಾದ 812 ಜನರಲ್ಲಿ ಏಳು ಜನರಿಗೆ ಮಾತ್ರ ತಪ್ಪಾಗಿ ಕ್ಯಾನ್ಸರ್ ಎಂದಿತು. ಇದು ದೊಡ್ಡ ಸಾಧನೆಯೇ. ಆದರೆ ಮೊದಲ ಹಂತದ ಕ್ಯಾನ್ಸರಿನಲ್ಲಿ ಅದು ಹಿಡಿದದ್ದು ನೂರಕ್ಕೆ 43 ಮಾತ್ರ. ಗುಣಪಡಿಸಲು ಸುಲಭವಾದ ಹಂತ ಇದೇ. ಅಲ್ಲದೆ ಈ ರೋಗಿಗಳೆಲ್ಲ ಮೊದಲೇ ಪತ್ತೆಯಾಗಿ ಆಸ್ಪತ್ರೆ ಸೇರಿದವರು. ಏನೂ ಲಕ್ಷಣವಿಲ್ಲದೆ ಊರಿನಲ್ಲಿ ಓಡಾಡಿಕೊಂಡಿರುವವರಲ್ಲಿ ಗಡ್ಡೆ ಇನ್ನೂ ಚಿಕ್ಕದು, ಪ್ರೋಟೀನು ಇನ್ನೂ ವಿರಳ.

ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ ಸಿಇಎ, ಸಿಎ 19-9 ಸೇರಿಸಿ ಮಾರುವುದನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಉದಾಹರಣೆಗೆ ಹತ್ತು ಸಾವಿರ ಆರೋಗ್ಯವಂತರಲ್ಲಿ ಐದು ಜನರಿಗೆ ಗುಪ್ತವಾಗಿ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ನೂರಕ್ಕೆ ಐದು ಸಲ ಮಾತ್ರ ತಪ್ಪಾಗಿ ಕೂಗಿದರೂ ಕ್ಯಾನ್ಸರ್ ಇಲ್ಲದ ಸುಮಾರು ಐನೂರು ಜನ ಸ್ಕ್ಯಾನು, ಎಂಡೋಸ್ಕೋಪಿ ಎಂದು ನಿದ್ದೆಗೆಟ್ಟು ಅಲೆಯಬೇಕಾಗುತ್ತದೆ. ಆ ಐದರಲ್ಲಿ ಕೆಲವರಿಗೆ 'ನಾರ್ಮಲ್' ಎಂಬ ಸುಳ್ಳು ಧೈರ್ಯ ಸಿಗುತ್ತದೆ.

ದೊಡ್ಡ ಕರುಳಿನ ಕ್ಯಾನ್ಸರನ್ನು ಬೇಗ ಹಿಡಿಯಲು ಇಂದು ಅನೇಕ ದೇಶಗಳು ನೆಚ್ಚಿರುವುದು ರಕ್ತದ ಪ್ರೋಟೀನನ್ನೇ, ಆದರೆ ಅದನ್ನು ಹುಡುಕುವುದು ಮಲದಲ್ಲಿ. ಫಿಟ್ ಎಂಬ ಈ ಪರೀಕ್ಷೆ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗವನ್ನು ಪ್ರತಿಕಾಯದಿಂದ ಗುರುತಿಸುತ್ತದೆ. ಜಠರದಲ್ಲಿ ರಕ್ತ ಸೋರಿದ್ದರೆ ಅದರ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿರುತ್ತದೆ. ದೊಡ್ಡ ಕರುಳಿನಲ್ಲಿ ಸೋರಿದ್ದು ಮಾತ್ರ ಹಾಗೇ ಉಳಿದು ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು. ನಮ್ಮ ದೇಶದ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ ಮಾತ್ರ ಇದೆ. ಕರುಳಿನದು ಇನ್ನೂ ಸೇರಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ರಕ್ತವನ್ನಾದರೂ ಮೂಲವ್ಯಾಧಿ ಎಂದುಕೊಂಡು ಮನೆಮದ್ದಿನಲ್ಲಿ ತಿಂಗಳು ಕಳೆಯಬೇಡಿ. ನುಂಗುವುದು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನಡುವಯಸ್ಸು ದಾಟಿದ ಮೇಲೆ ರಕ್ತಹೀನತೆ ಬಂದಿದ್ದರೆ ಯಾವ ಪ್ಯಾಕೇಜಿಗೂ ಕಾಯದೆ ಹೋಗಿ ತೋರಿಸಿ.

ಇನ್ನು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುವವರು ನೀವಾಗಿದ್ದರೆ, ನಾಳೆ ಡಾಕ್ಟರು ಬಂದಾಗ ಇಷ್ಟು ಕೇಳಿ: ಸಿಆರ್‌ಪಿ ಎಷ್ಟಿದೆ, ಮೈಯಲ್ಲಿ ಸೋಂಕೇನಾದರೂ ಇದೆಯೇ, ಗಡ್ಡೆಗೆ ಚಿಕಿತ್ಸೆ ನಾಟುತ್ತಿದೆಯೇ, ಡಯಟಿಷಿಯನ್ನರನ್ನು ನೋಡಬಹುದೇ. ಸೋಂಕು ಇಳಿದರೆ, ಗಡ್ಡೆ ಕುಗ್ಗಿದರೆ ಆಲ್ಬುಮಿನ್ ತಾನೇ ಮೇಲೆ ಬರಬಹುದು. ಟಿಫಿನ್ ಕ್ಯಾರಿಯರ್ ತರುವುದನ್ನು ನಿಲ್ಲಿಸಬೇಡಿ. ಅಪ್ಪನಿಗೆ ಇಷ್ಟವಾದದ್ದನ್ನು, ಸೇರಿದಷ್ಟನ್ನು, ದಿನಕ್ಕೆ ಆರು ಸಲವಾದರೂ ಸ್ವಲ್ಪ ಸ್ವಲ್ಪವೇ ಕೊಡಿ. ಹಾಳೆಯ ಮೇಲೆ ಆ ಅಂಕಿ ಇಳಿದದ್ದು ನಿಮ್ಮ ಅಡುಗೆಯಿಂದಲ್ಲ.